ಹಲ್ಲುಂಟು, ಕಡಲೆಯಿಲ್ಲ: ಅಜ್ಜನ ರಿವಾಲ್ವರಿಗೆ ತೋಟೆ ಎಲ್ಲಿಂದ?



ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಹಾಡಿನ ಕೋರಿಕೆಗಳು. ಉಳಿದವು ಊರ ಸುದ್ದಿ, ಹಬ್ಬದ ಶುಭಾಶಯ, ಒಮ್ಮೊಮ್ಮೆ ನಮ್ಮ ಉಚ್ಚಾರಣೆಯ ತಪ್ಪು ತಿದ್ದುವ ಮೇಷ್ಟರುಗಳ ಪ್ರೀತಿಯ ಬೈಗುಳ. ಆದರೆ ಚೆಂಬೂರಿನ ಕೇಳುಗರೊಬ್ಬರು ಬರೆದ ಪತ್ರ ಇವುಗಳಲ್ಲಿ ಯಾವ ಗುಂಪಿಗೂ ಸೇರುವಂಥದ್ದಲ್ಲ. ಅವರ ಅಜ್ಜ ಬ್ರಿಟಿಷರ ಕಾಲದ ಸೈನ್ಯದಲ್ಲಿದ್ದವರು. ಅವರ ರಿವಾಲ್ವರ್ ಒಂದು ಮನೆಯ ಕಬ್ಬಿಣದ ಕಪಾಟಿನಲ್ಲಿ, ಚರ್ಮದ ಚೀಲದೊಳಗೆ ಹಾಗೆಯೇ ಇದೆ. ವೆಬ್ಲಿ ಕಂಪನಿಯದು, .455 ಅಳತೆಯದು. ಲೈಸೆನ್ಸು ತಂದೆಯವರ ಹೆಸರಿನಲ್ಲಿತ್ತು, ತಂದೆ ಈಗಿಲ್ಲ. ಡಬ್ಬಿಯೊಂದರಲ್ಲಿ ಹಸಿರು ಹಿಡಿದ ಮೂರು ಹಳೇ ತೋಟೆಗಳೂ ಇವೆಯಂತೆ. "ಇದಕ್ಕೆ ಹೊಂದುವ ಹೊಸ ತೋಟೆ ಮುಂಬಯಿಯಲ್ಲಿ ಎಲ್ಲಿ ಸಿಗುತ್ತದೆ? ಅಜ್ಜನ ನೆನಪಿಗೆ ಒಂದು ಸಲವಾದರೂ ಹಾರಿಸಿ ನೋಡಬೇಕು" ಎಂದು ಅವರ ಪ್ರಶ್ನೆ.

ಚಿಕ್ಕ ಉತ್ತರ ಒಂದೇ ಸಾಲಿನದು: ಅಂಗಡಿಗೆ ಹೋಗಿ ಕೊಳ್ಳುವಂತಿಲ್ಲ. ಹಲ್ಲಿದ್ದವನಿಗೆ ಕಡಲೆಯಿಲ್ಲ ಎಂಬ ಗಾದೆ ಇಂಥ ರಿವಾಲ್ವರಿಗಾಗಿಯೇ ಹುಟ್ಟಿತೇನೋ ಅನ್ನಿಸುತ್ತದೆ. ಆದರೆ ಏಕೆ ಕೊಳ್ಳುವಂತಿಲ್ಲ ಎಂದು ಹುಡುಕುತ್ತ ಹೊರಟರೆ ದಾರಿ ಮುಧೋಳದ ಹಲಗಲಿಗೆ ಹೋಗುತ್ತದೆ, ಕೊಡಗಿಗೆ ಹೋಗುತ್ತದೆ, ಚಿತ್ತಗಾಂಗಿಗೆ ಹೋಗಿ ಪುಣೆಯ ಖಡ್ಕಿಗೆ ಮರಳುತ್ತದೆ. ಐದು ನಿಮಿಷದ ಪತ್ರೋತ್ತರದಲ್ಲಿ ಇದು ಹಿಡಿಯಲಾರದು. ಆದ್ದರಿಂದ ಈ ಪುಟಗಳಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಕೇಪಿನ ಕೋವಿಯಿಂದ ತೋಟೆ ಕೋವಿಗೆ

ಮಲೆನಾಡು, ಕರಾವಳಿ ಕಡೆಯಿಂದ ಬಂದ ಕೇಳುಗರಿಗೆ ಕೇಪಿನ ಕೋವಿ, ತೋಟೆ ಕೋವಿ ಎಂಬ ಎರಡು ಮಾತುಗಳು ಗೊತ್ತೇ ಇರುತ್ತವೆ. ಕೇಪಿನ ಕೋವಿಗೆ ನಳಿಗೆಯ ಬಾಯಿಯಿಂದ ಮದ್ದು ಸುರಿದು, ಚರೆ ಹಾಕಿ, ಕೋಲಿನಿಂದ ಜಡಿದು, ಹಿಂಬದಿಯಲ್ಲಿ ಕೇಪು ಇಟ್ಟು ಈಡು ಹೊಡೆಯಬೇಕು. ಇದಕ್ಕಿಂತ ಹಳೆಯದಾದ ಬತ್ತಿಯ, ಚಕಮಕಿಯ ಕೋವಿಗಳಿಗೆ ಕೇಪೂ ಬೇಡ. ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿದರೆ ಮದ್ದು. ಸೀಸ ಕರಗಿಸಿದರೆ ಗುಂಡು. ಊರಲ್ಲೊಬ್ಬ ಕಮ್ಮಾರನಿದ್ದರೆ ಕೋವಿಯ ರಿಪೇರಿಯೂ ಆಯಿತು. ಅಂದರೆ ಕೋವಿಯೂ ಊರಿನದೇ, ಅದರ ಆಹಾರವೂ ಊರಿನದೇ.

ತೋಟೆ ಹಾಗಲ್ಲ. ಹಿತ್ತಾಳೆಯ ಕೊಳವೆ, ಅದರ ಬುಡದಲ್ಲಿ ಸಿಡಿಯುವ ಪುಟ್ಟ ಕೇಪು, ಒಳಗೆ ಅಳೆದು ತುಂಬಿದ ಮದ್ದು, ಬಾಯಲ್ಲಿ ಗುಂಡು. ಇವೆಲ್ಲ ಕೂದಲೆಳೆಯ ಅಳತೆಗೆ ಹೊಂದಬೇಕು. ಇದು ಕಾರ್ಖಾನೆಯ ಕೆಲಸ. 19ನೇ ಶತಮಾನದ ಎರಡನೇ ಅರ್ಧದಲ್ಲಿ ಸೈನ್ಯಗಳು ಹಿತ್ತಾಳೆ ತೋಟೆಗೆ ಹೊರಳಿದಾಗ ಒಂದು ದೊಡ್ಡ ಬದಲಾವಣೆ ಸದ್ದಿಲ್ಲದೆ ಆಗಿಹೋಯಿತು. ಕೋವಿ ಯಾರ ಕೈಯಲ್ಲಿದೆ ಎನ್ನುವುದಕ್ಕಿಂತ ಅದರ ತೋಟೆ ಯಾರ ಕಾರ್ಖಾನೆಯಲ್ಲಿದೆ ಎನ್ನುವುದು ಮುಖ್ಯವಾಯಿತು. ಬ್ರಿಟಿಷ್ ಸರ್ಕಾರ ಖಡ್ಕಿಯಲ್ಲಿ ಮದ್ದುಗುಂಡಿನ ಕಾರ್ಖಾನೆಯನ್ನು ಸ್ಥಾಪಿಸಿದ್ದು 1869ರಲ್ಲಿ. ಪುಣೆ-ಲೋಣಾವಳಾ ಲೋಕಲ್ಲಿನಲ್ಲಿ ಓಡಾಡುವವರು ಆ ಸ್ಟೇಷನ್ನನ್ನು ದಿನವೂ ದಾಟುತ್ತಾರೆ.

ಅಳತೆಯ ಬಗ್ಗೆಯೂ ಒಂದು ಮಾತು. .455 ಎಂಬುದನ್ನು ನಾವು ಮೈಕಿನ ಮುಂದೆ 'ಪಾಯಿಂಟ್ ನಾಲ್ಕು ಐದು ಐದು' ಎಂದು ಓದುತ್ತೇವೆ. ಅದು ಇಂಚಿನ ಲೆಕ್ಕ. ನಮ್ಮ ಲೆಕ್ಕದಲ್ಲಿ ಹನ್ನೊಂದೂವರೆ ಮಿಲಿಮೀಟರು ಎನ್ನಬಹುದು. ಆದರೆ ತೋಟೆಯ ಹೆಸರನ್ನು ನಂಬಿ ಅಳತೆ ತಿಳಿಯಲಾಗದು. .38 ಎಂದು ಹೆಸರಿರುವ ತೋಟೆಗಳಲ್ಲೇ ಒಂದರ ಗುಂಡು .361 ಇಂಚು, ಇನ್ನೊಂದರದ್ದು .357. ಕೊಳವೆಯ ಉದ್ದವೂ ಬೇರೆ. ಹೆಸರು ಒಂದೇ ಇದ್ದರೂ ಸಂಬಂಧವಿಲ್ಲದ ಇಬ್ಬರು ಶೆಟ್ಟರಂತೆ ಇವು.

ಹಲಗಲಿಯ ಪಾಠ

ತೋಟೆಗೂ ರಾಜ್ಯಭಾರಕ್ಕೂ ಇರುವ ನಂಟು ಎಲ್ಲರಿಗೂ ಕಣ್ಣಿಗೆ ಬಿದ್ದದ್ದು 1857ರಲ್ಲಿ. ಕೊಬ್ಬು ಸವರಿದ ಕಾಗದದ ತೋಟೆಯನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕೆಂಬ ಮಾತು ಸಿಪಾಯಿಗಳನ್ನು ಕೆರಳಿಸಿದ ಸಂಗತಿಯನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅದೇ ವರ್ಷ ಸರ್ಕಾರ ಜನರ ಕೈಯಿಂದ ಆಯುಧ ಬಿಡಿಸುವ ಕಾಯಿದೆ ತಂದಿತು. ಆಯುಧವಿದ್ದವರು ನೋಂದಾಯಿಸಬೇಕು, ಲೈಸೆನ್ಸು ಪಡೆಯಬೇಕು, ಇಲ್ಲವಾದರೆ ಒಪ್ಪಿಸಬೇಕು.

ಈ ಆಜ್ಞೆ ಮುಧೋಳ ಸಂಸ್ಥಾನದ ಹಲಗಲಿ ಎಂಬ ಹಳ್ಳಿಗೂ ಬಂತು. ಹಲಗಲಿ ಈಗ ಬಾಗಲಕೋಟೆ ಜಿಲ್ಲೆಯಲ್ಲಿದೆ. ಅಲ್ಲಿನ ಬೇಡರಿಗೆ ಆಯುಧವೆಂದರೆ ಬೇಟೆ, ಕಾವಲು, ಸೈನ್ಯದ ಚಾಕರಿ, ಮನೆತನದ ಮಾನ ಎಲ್ಲವೂ ಹೌದು. ಒಪ್ಪಿಸುವುದಿಲ್ಲ ಎಂದರು. ಜಡಗ, ಬಾಲ, ಹನುಮ, ರಾಮರ ಮುಂದಾಳುತನದಲ್ಲಿ ಊರು ಎದ್ದಿತು. 1857ರ ನವೆಂಬರ್ ಕೊನೆಯಲ್ಲಿ ಸೈನ್ಯ ಹಳ್ಳಿಯನ್ನು ಮುತ್ತಿತು. ಊರಿಗೆ ಬೆಂಕಿ ಬಿತ್ತು. ಸೆರೆ ಸಿಕ್ಕವರಲ್ಲಿ ಮುಂದಾಳುಗಳನ್ನು ಡಿಸೆಂಬರಿನಲ್ಲಿ ಗಲ್ಲಿಗೇರಿಸಲಾಯಿತು. ಮುಂಬಯಿ ಪ್ರಾಂತದಲ್ಲಿ ಅಧಿಕಾರಿಯಾಗಿದ್ದ ಜಾನ್ ಫೇತ್‌ಫುಲ್ ಫ್ಲೀಟ್ ಆ ಲಾವಣಿಯನ್ನು ಮುಂದೆ ಸಂಗ್ರಹಿಸಿ ಅಚ್ಚು ಹಾಕಿಸಿದ್ದರಿಂದ ನಮ್ಮ ಕನ್ನಡದ ಮಕ್ಕಳು ಇಂದಿಗೂ ಹಲಗಲಿಯ ಹೆಸರು ಬಲ್ಲರು. ಬಿ.ಎ. ತರಗತಿಯಲ್ಲಿ ನಾವು ಅದನ್ನು ಲಾವಣಿಯ ಧಾಟಿಗಾಗಿ ಓದಿದೆವು. ಅದರ ಒಡಲಲ್ಲಿ ಇರುವುದು ಲೈಸೆನ್ಸಿನ ಜಗಳ.

ಹಲಗಲಿಯಲ್ಲಿ ಸರ್ಕಾರ ಆಯುಧವನ್ನೇ ಕೇಳಿತು. ಅದಕ್ಕೆ ಒಂದು ಊರನ್ನು ಸುಡಬೇಕಾಯಿತು. ಮುಂದೆ ಇದಕ್ಕಿಂತ ಸುಲಭದ ದಾರಿ ಸಿಕ್ಕಿತು. ಮನೆಮನೆಗೆ ಹೋಗಿ ಕೋವಿ ಕಸಿಯಬೇಕಿಲ್ಲ. ತೋಟೆಯ ಬೀಗದ ಕೈ ತನ್ನಲ್ಲಿಟ್ಟುಕೊಂಡರೆ ಸಾಕು. 1857ರ ನಂತರ ಭಾರತೀಯ ಸಿಪಾಯಿಗಳಿಗೆ ಬ್ರಿಟಿಷ್ ಸೋಲ್ಜರುಗಳಿಗಿಂತ ಒಂದು ತಲೆಮಾರು ಹಳೆಯ ಬಂದೂಕನ್ನೇ ಕೊಡುವುದು ರೂಢಿಯಾಯಿತು. ಪೊಲೀಸರಿಗೆ, ಕಾವಲುಗಾರರಿಗೆ ಕೊಟ್ಟ .410 ಮಸ್ಕೆಟ್ಟಿನ ಕಥೆ ಇನ್ನೂ ಸ್ವಾರಸ್ಯಕರ. ನೋಡಲು ಅದು ಸೈನ್ಯದ .303 ರೈಫಲ್ಲೇ. ಆದರೆ ನಳಿಗೆಯನ್ನು ನುಣುಪಾಗಿ ಕೊರೆದು, ಒಂದು ಸಲಕ್ಕೆ ಒಂದೇ ತೋಟೆ ಹಿಡಿಯುವಂತೆ ಮಾಡಿ, ಬೇರೆಯದೇ ತೋಟೆ ಕೊಟ್ಟರು. ಅದು ತಪ್ಪಿದ ಕೈಗೆ ಹೋದರೂ ಸೈನ್ಯದ ತೋಟೆ ಅದರಲ್ಲಿ ಕೆಲಸಕ್ಕೆ ಬರಬಾರದು ಎಂಬ ಲೆಕ್ಕಾಚಾರ.

ಕೊಡಗಿನ ವಿನಾಯಿತಿ

ಇದೇ ಕಾಲದಲ್ಲಿ ಕರ್ನಾಟಕದ ಇನ್ನೊಂದು ಮೂಲೆಯಲ್ಲಿ ಇದಕ್ಕೆ ತದ್ವಿರುದ್ಧವಾದದ್ದು ನಡೆಯಿತು. ಹಲಗಲಿ ಉರಿದ ನಾಲ್ಕನೇ ವರ್ಷಕ್ಕೆ, ಅಂದರೆ 1861ರಲ್ಲಿ, ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕೊಡವರಿಗೆ ನಿರಾಯುಧೀಕರಣದ ಕಾಯಿದೆಯಿಂದ ವಿನಾಯಿತಿ ಕೊಟ್ಟರು. ಬೆಂಗಳೂರಿನ ಕಬ್ಬನ್ ಪಾರ್ಕಿನ ಹೆಸರಿನ ಕಬ್ಬನ್ ಇವರೇ. ನಿಷ್ಠೆಗೆ ಬಹುಮಾನ ಎಂಬುದು ಸರ್ಕಾರದ ಮಾತು. ಕೊಡವರಿಗೆ ಅದು ತಮ್ಮ ಪದ್ಧತಿಗೆ ಸಿಕ್ಕ ಮನ್ನಣೆ.

ಕೊಡವ ಭಾಷೆಯಲ್ಲಿ ಕೋವಿಗೆ 'ತೋಕ್' ಎನ್ನುತ್ತಾರೆ. ಗಂಡು ಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು. ಪುತ್ತರಿಯ ಇರುಳು ಮೊದಲ ಕದಿರು ಕೊಯ್ಯುವಾಗ ಆಕಾಶಕ್ಕೆ ಗುಂಡು. ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜೆ. ಆ ಹೂವಿನ ಹೆಸರೇ ತೋಕ್ ಪೂ. ಹೀಗೆ ಬದುಕಿನ ಎರಡೂ ತುದಿಗಳಲ್ಲಿ ಕೋವಿ ಮಾತಾಡಬೇಕಾದ ಸಮಾಜದಲ್ಲಿ ತೋಟೆಯಿಲ್ಲದ ಕೋವಿ ಎಂದರೆ ನಾಲಿಗೆ ಇಲ್ಲದ ಬಾಯಿ.

ವಿನಾಯಿತಿ ಸ್ವಾತಂತ್ರ್ಯದ ನಂತರವೂ ಮುಂದುವರಿಯಿತು. ಕೊಡವರಿಗೂ, ಜಮ್ಮಾ ಹಿಡುವಳಿದಾರರಿಗೂ ಅದು ಅನ್ವಯಿಸುತ್ತದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. ಒಂದು ಜನಾಂಗಕ್ಕೆ ಹೀಗೆ ಕೊಡುವುದು ಸರಿಯೇ ಎಂಬ ಪ್ರಶ್ನೆ ಕರ್ನಾಟಕ ಹೈಕೋರ್ಟಿಗೆ ಬಂದಾಗ, 2021ರ ಸೆಪ್ಟೆಂಬರಿನಲ್ಲಿ ಕೋರ್ಟು ವಿನಾಯಿತಿಯನ್ನು ಎತ್ತಿಹಿಡಿಯಿತು. ಗಮನಿಸಬೇಕಾದ ಅಂಶ ಇನ್ನೊಂದಿದೆ. ಇಷ್ಟು ಉದಾರವಾದ ವಿನಾಯಿತಿಯೂ ತೋಟೆಯ ಲೆಕ್ಕವನ್ನು ಮರೆತಿಲ್ಲ. ಜಿಲ್ಲೆಯ ಹೊರಗೆ ಹೋಗುವಾಗ ಒಂದು ರೈಫಲ್ಲಿಗೆ 100 ತೋಟೆ, ನುಣುಪು ನಳಿಗೆಯ ಒಂದು ಕೋವಿಗೆ 500 ತೋಟೆ ಅಥವಾ ಅದಕ್ಕೆ ಸಮನಾದ ಮದ್ದು-ಸೀಸ ಎಂದು ನಿಯಮ ಎಣಿಸಿಟ್ಟಿದೆ. ಕೋವಿಗೆ ಲೈಸೆನ್ಸು ಬೇಡ ಎಂದ ಸರ್ಕಾರವೂ ತೋಟೆಯನ್ನು ಎಣಿಸುವುದನ್ನು ಬಿಡಲಿಲ್ಲ.

ರಿವಾಲ್ವರ್ ಸಾಹೇಬರದು, ಗುಂಡು ಸರ್ಕಾರದ್ದು

ಇನ್ನು ನಮ್ಮ ಕೇಳುಗರ ಕಪಾಟಿನಲ್ಲಿರುವ ವೆಬ್ಲಿಯ ವಿಚಾರ. ಬ್ರಿಟಿಷ್ ಸೈನ್ಯ .455 ವೆಬ್ಲಿ ರಿವಾಲ್ವರನ್ನು ಮೊದಲು ಒಪ್ಪಿಕೊಂಡಿದ್ದು 1887ರಲ್ಲಿ. ಮಧ್ಯದಲ್ಲಿ ಕೀಲು, ಮಡಚಿದರೆ ಆರು ಖಾಲಿ ತೋಟೆಗಳೂ ಒಟ್ಟಿಗೆ ಮೇಲೆದ್ದು ಬರುತ್ತವೆ. ಈ ಸಾಲಿನ ಆರನೆಯ ಮಾದರಿ, ಮಾರ್ಕ್ 6, ಮೊದಲ ಮಹಾಯುದ್ಧದ ನಡುವೆ, 1915ರಲ್ಲಿ ಬಂತು. ತೂಕ ಒಂದು ಕಿಲೋಗೂ ಮೀರಿ. ನಳಿಗೆ ಆರು ಇಂಚು.

ಆ ಕಾಲದ ಅಧಿಕಾರಿಗಳು ತಮ್ಮ ರಿವಾಲ್ವರನ್ನು ಸ್ವಂತ ಹಣದಿಂದ ಕೊಳ್ಳಬೇಕಿತ್ತು. ಯಾವ ಕಂಪನಿಯದಾದರೂ ಆಗಬಹುದು, ಆದರೆ ಸೈನ್ಯದ .455 ತೋಟೆ ಅದರಲ್ಲಿ ಕೂರಬೇಕು. ಇಷ್ಟೇ ಷರತ್ತು. ಇಂಥ ಕೊಳ್ಳುಗರಿಗೆಂದೇ ಲಂಡನ್ನಿನ ಆರ್ಮಿ ಆ್ಯಂಡ್ ನೇವಿ ಸೊಸೈಟಿ ಮುಂಬಯಿಯಲ್ಲೂ ಮಳಿಗೆ ತೆರೆಯಿತು. ಕಾಲಾಘೋಡಾದ ಆರ್ಮಿ ಆ್ಯಂಡ್ ನೇವಿ ಬಿಲ್ಡಿಂಗ್ ಇಂದಿಗೂ ಅದೇ ಹೆಸರಿನಿಂದ ನಿಂತಿದೆ. ಈಗ ಅಲ್ಲಿ ಬಟ್ಟೆ ಕೊಳ್ಳುವವರ ಸಾಲು. ಆ ಸೊಸೈಟಿಯ ಹೆಸರು ಕೆತ್ತಿದ ಹಳೆಯ ವೆಬ್ಲಿಗಳು ಪ್ರಪಂಚದ ಅನೇಕ ಸಂಗ್ರಹಗಳಲ್ಲಿವೆ.

.455 ತೋಟೆಯೂ ಒಂದೇ ಅಲ್ಲ. ಮೊದಲನೆಯದು ಉದ್ದ ಕೊಳವೆಯ, ಕಪ್ಪು ಮದ್ದಿನ ತೋಟೆ. ಆಮೇಲೆ ಹೊಗೆ ಕಡಿಮೆಯ ಕಾರ್ಡೈಟ್ ಬಂತು. ಅದಕ್ಕೆ ಕೊಳವೆ ಗಿಡ್ಡವಾದರೆ ಸಾಕಾಯಿತು. 1898ರಲ್ಲಿ ಮೈಗೆ ಬಡಿದೊಡನೆ ಅರಳುವ ಬೋಳುಮೂತಿಯ ಗುಂಡನ್ನೂ ತಂದರು. ಅಷ್ಟರಲ್ಲಿ ಕಲ್ಕತ್ತಾ ಪಕ್ಕದ ಡಮ್ ಡಮ್ ಕಾರ್ಖಾನೆಯ ಅರಳುವ ಗುಂಡಿನ ಬಗ್ಗೆ ಯುರೋಪಿನಲ್ಲಿ ದೊಡ್ಡ ಗದ್ದಲವೆದ್ದು, 1899ರ ಹೇಗ್ ಸಮ್ಮೇಳನ ಯುದ್ಧದಲ್ಲಿ ಇಂಥ ಗುಂಡು ಬೇಡ ಎಂದಿತು. ರಿವಾಲ್ವರಿನ ಬೋಳು ಗುಂಡೂ ಸೈನ್ಯದಿಂದ ಹಿಂದೆ ಸರಿಯಿತು. ನಮ್ಮ ದೇಶದ ಒಂದು ಊರಿನ ಹೆಸರು ಪ್ರಪಂಚದ ಭಾಷೆಗಳಲ್ಲಿ ಕ್ರೂರವಾದ ಗುಂಡಿನ ಹೆಸರಾಗಿ ಉಳಿದದ್ದು ಹೀಗೆ.

1932ರಲ್ಲಿ ಬ್ರಿಟಿಷ್ ಸೈನ್ಯ ಹಗುರವಾದ .38 ಎನ್‌ಫೀಲ್ಡ್ ರಿವಾಲ್ವರಿಗೆ ಬದಲಾಯಿಸಿತು. ಸೈನ್ಯದ ಕಡತಗಳಲ್ಲಿ ಅದರ ತೋಟೆಯ ಹೆಸರು .380. ಎರಡನೇ ಮಹಾಯುದ್ಧದಲ್ಲಿ ದಾಸ್ತಾನಿನಲ್ಲಿದ್ದ .455 ಮತ್ತೆ ಹೊರಬಂತು. ಯುದ್ಧ ಮುಗಿಯಿತು, ಸಾಮ್ರಾಜ್ಯ ಹೋಯಿತು, ಸೈನ್ಯಗಳು ಪಿಸ್ತೂಲಿಗೆ ಹೊರಳಿದವು. ಭಾರತದ ಸೈನ್ಯವೂ 9 ಮಿಲಿಮೀಟರಿನ ಪಿಸ್ತೂಲನ್ನು ಹಿಡಿಯಿತು. .455ಕ್ಕೆ ಯಜಮಾನ ಉಳಿಯಲಿಲ್ಲ. ಇಟಲಿಯ ಫಿಯೋಕಿಯಂಥ ಕಂಪನಿಗಳು ವಿದೇಶದ ಸಂಗ್ರಾಹಕರಿಗಾಗಿ ಇಂದಿಗೂ ಆ ತೋಟೆ ಮಾಡುತ್ತವೆ. ಅದು ನಮ್ಮ ಚೆಂಬೂರಿನ ಕಪಾಟನ್ನು ಮುಟ್ಟುವ ದಾರಿ ಇಲ್ಲ.

ತೋಟೆಗಾಗಿ ಪ್ರಾಣ ಕೊಟ್ಟವರು

ಕೋವಿಗಿಂತ ತೋಟೆಯೇ ಮುಖ್ಯ ಎಂಬುದನ್ನು ನಮ್ಮ ಕ್ರಾಂತಿಕಾರಿಗಳು ಎರಡು ರೀತಿಯಲ್ಲಿ ಕಲಿತರು.

1914ರ ಆಗಸ್ಟ್ 26ರಂದು ಕಲ್ಕತ್ತಾದಲ್ಲಿ ರೋಡಾ ಎಂಬ ಬಂದೂಕು ವ್ಯಾಪಾರಿ ಕಂಪನಿಯ ಸರಕು ಬಂದರಿನಿಂದ ಏಳು ಎತ್ತಿನ ಗಾಡಿಗಳಲ್ಲಿ ಹೊರಟಿತು. ಆರು ಗಾಡಿ ಗೋದಾಮು ಸೇರಿದವು. ಏಳನೆಯದು ಕ್ರಾಂತಿಕಾರಿಗಳ ಕೈ ಸೇರಿತು. ಅದರಲ್ಲಿ 50 ಮೌಸರ್ ಪಿಸ್ತೂಲು, ಅವಕ್ಕೆ ಹೊಂದುವ 46,000 ತೋಟೆ. ಪಿಸ್ತೂಲು 50 ಮಾತ್ರ. ಆದರೆ ಜೊತೆಯಲ್ಲಿ ತೋಟೆ ಬಂದದ್ದರಿಂದಲೇ ಆ ಒಂದು ಗಾಡಿ ಮುಂದಿನ ಹಲವು ವರ್ಷ ಬಂಗಾಳದ ಪೊಲೀಸರ ನಿದ್ದೆಗೆಡಿಸಿತು.

1930ರ ಏಪ್ರಿಲ್ 18ರ ರಾತ್ರಿ ಚಿತ್ತಗಾಂಗಿನಲ್ಲಿ ಆದದ್ದು ಇದರ ವಿರುದ್ಧ. ಸೂರ್ಯಸೇನರ ತಂಡ ಶಸ್ತ್ರಾಗಾರಗಳ ಮೇಲೆ ದಾಳಿ ಮಾಡಿ ಗೆದ್ದಿತು. ತಂತಿ ಕಡಿದರು, ಬಾವುಟ ಹಾರಿಸಿದರು. ಆದರೆ ಸೈನ್ಯದ ಶಸ್ತ್ರಾಗಾರದಲ್ಲಿ ಸಿಕ್ಕ ಲೂಯಿಸ್ ಮಷೀನ್‌ಗನ್ನುಗಳಿಗೂ ರೈಫಲ್ಲುಗಳಿಗೂ ತೋಟೆ ಮಾತ್ರ ಸಿಗಲಿಲ್ಲ. ಅಷ್ಟೆಲ್ಲ ಗೆದ್ದೂ ಕೈಗೆ ಬಂದದ್ದು ಬರೀ ಕಬ್ಬಿಣ. ಅದನ್ನು ಮುರಿದು, ಸುಟ್ಟು, ಗುಡ್ಡ ಹತ್ತಿದರು. ನಾಲ್ಕನೇ ದಿನ ಜಲಾಲಾಬಾದ್ ಗುಡ್ಡದಲ್ಲಿ ಮಷೀನ್‌ಗನ್ನುಗಳ ಎದುರು ಮಸ್ಕೆಟ್ಟು ಹಿಡಿದು ನಿಂತರು. 12 ಮಂದಿ ಯುವಕರು ಅಲ್ಲಿಯೇ ಮಡಿದರು. ಕೋವಿ ಒಂದು ಕಡೆ, ತೋಟೆ ಇನ್ನೊಂದು ಕಡೆ ಇಡಬೇಕೆಂಬ ಮಿಲಿಟರಿಯ ಸಣ್ಣದೊಂದು ನಿಯಮ ಎಂಥ ಕೆಲಸ ಮಾಡುತ್ತದೆ ನೋಡಿ.

ಒಂದು ವಾಕ್ಯದ ಬೀಗ

1878ರ ಆಯುಧ ಕಾಯಿದೆ ಭಾರತೀಯನಿಗೆ ಒಂದು ನ್ಯಾಯ, ಯುರೋಪಿಯನ್ನನಿಗೆ ಇನ್ನೊಂದು ನ್ಯಾಯ ಎಂಬಂತಿತ್ತು. 1931ರ ಕರಾಚಿ ಕಾಂಗ್ರೆಸ್ ತನ್ನ ಮೂಲಭೂತ ಹಕ್ಕುಗಳ ಠರಾವಿನಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕನ್ನೂ ಸೇರಿಸಿತ್ತು. ಸ್ವತಂತ್ರ ಭಾರತ 1959ರಲ್ಲಿ ಹೊಸ ಕಾಯಿದೆ ಮಾಡಿತು. ಅದು ಜಾರಿಗೆ ಬಂದದ್ದು 1962ರ ಅಕ್ಟೋಬರಿನಲ್ಲಿ. ಹಳೆಯ ಬಣ್ಣಭೇದ ಹೋಯಿತು. ಆದರೆ ತೋಟೆಯ ಮೇಲಿನ ಹಿಡಿತ ಹೋಗಲಿಲ್ಲ.

ಆಯುಧ ನಿಯಮಗಳಲ್ಲಿ 'ನಿಷೇಧಿತ ಆಯುಧ'ಗಳ ಪಟ್ಟಿ ಇದೆ. ಅದರಲ್ಲಿ ಆಯುಧವನ್ನು ಗುರುತಿಸುವುದೇ ತೋಟೆಯಿಂದ. .303 ಅಥವಾ 7.62 ಮಿಲಿಮೀಟರಿನ ಸೈನ್ಯದ ತೋಟೆ ಹಾರಿಸಬಲ್ಲ ರೈಫಲ್, .410 ಮಸ್ಕೆಟ್, .380 ಅಥವಾ .455 ತೋಟೆ ಹಿಡಿಸುವ ರಿವಾಲ್ವರ್, 9 ಮಿಲಿಮೀಟರಿನ ಸೈನ್ಯದ ತೋಟೆಯ ಪಿಸ್ತೂಲು, ಇವೆಲ್ಲ ಆ ಪಟ್ಟಿಯಲ್ಲಿವೆ. ಇವಕ್ಕೆ ಲೈಸೆನ್ಸು ಕೊಡುವ ಅಧಿಕಾರ ಕೇಂದ್ರ ಗೃಹ ಸಚಿವಾಲಯದ್ದು. ಕಾರಣ ಸರಳ. ಸೈನ್ಯದ, ಪೊಲೀಸರ ಕೊಠಡಿಯಿಂದ ಕದ್ದ ತೋಟೆ ಸಾರ್ವಜನಿಕರ ಬಂದೂಕಿನಲ್ಲಿ ಕೂರಬಾರದು. ಬ್ರಿಟಿಷರ .410 ಮಸ್ಕೆಟ್ಟಿನ ಲೆಕ್ಕಾಚಾರವೇ ಇಲ್ಲಿ ತಿರುವುಮುರುವಾಗಿ ಬಂದಿದೆ.

ಇದರ ಪರಿಣಾಮ ನಮ್ಮ ಸರ್ಕಾರಿ ಕಾರ್ಖಾನೆಗಳ ಸರಕಿನಲ್ಲೇ ಕಾಣುತ್ತದೆ. ಸಾರ್ವಜನಿಕರಿಗಾಗಿ ಈಶಾಪುರದಲ್ಲಿ ತಯಾರಾದ ರೈಫಲ್ .303 ಅಲ್ಲ, .315. ಕಾನ್ಪುರದ ಸ್ಮಾಲ್ ಆರ್ಮ್ಸ್ ಫ್ಯಾಕ್ಟರಿಯ ರಿವಾಲ್ವರ್ ಮೈಕಟ್ಟಿನಲ್ಲಿ ಹಳೆಯ .38 ವೆಬ್ಲಿಯ ತಮ್ಮನೇ ಸರಿ, ಆದರೆ ಅದರ ತೋಟೆ .32. 2014ರಲ್ಲಿ ಮಹಿಳೆಯರಿಗಾಗಿ ಎಂದು ಹೊರಬಂದ ಹಗುರ ರಿವಾಲ್ವರ್ 'ನಿರ್ಭೀಕ್' ಕೂಡ .32. ಇವುಗಳ ತೋಟೆ ದೇಶದಲ್ಲೇ ತಯಾರಾಗುತ್ತದೆ. ಖಡ್ಕಿಯ ಕಾರ್ಖಾನೆಯ 'ಕೆ.ಎಫ್.' ಮುದ್ರೆ ಅನೇಕ ತೋಟೆಗಳ ಬುಡದಲ್ಲಿ ಕಾಣುತ್ತದೆ. 2021ರ ಅಕ್ಟೋಬರಿನಲ್ಲಿ ಹಳೆಯ ಆರ್ಡ್‌ನೆನ್ಸ್ ಫ್ಯಾಕ್ಟರಿ ಬೋರ್ಡನ್ನು ವಿಸರ್ಜಿಸಿ ಏಳು ಕಂಪನಿಗಳನ್ನಾಗಿ ಮಾಡಿದಾಗ, ತೋಟೆಯ ಕೆಲಸ ಮ್ಯೂನಿಷನ್ಸ್ ಇಂಡಿಯಾಕ್ಕೂ ಬಂದೂಕಿನ ಕೆಲಸ ಕಾನ್ಪುರದ ಬೇರೊಂದು ಕಂಪನಿಗೂ ಹೋಯಿತು. ಕೋವಿ ಮತ್ತು ತೋಟೆ ಅಲ್ಲಿಯೂ ಬೇರೆಬೇರೆ ಮನೆ ಮಾಡಿದವು!

ಹಾಗಾದರೆ ಕಪಾಟಿನಲ್ಲಿರುವುದನ್ನು ಏನು ಮಾಡಬೇಕು?

ಇದು ಚೆಂಬೂರಿನ ಒಬ್ಬರ ಪ್ರಶ್ನೆಯಲ್ಲ. ಊರಿನ ಹಳೆಯ ಮನೆ ಮಾರುವಾಗ, ಅಟ್ಟ ಗುಡಿಸುವಾಗ, ತೀರಿಕೊಂಡವರ ಪೆಟ್ಟಿಗೆ ತೆರೆಯುವಾಗ ಇಂಥ ವಸ್ತು ಎಷ್ಟೋ ಮಂದಿಗೆ ಎದುರಾಗಬಹುದು. ಆದ್ದರಿಂದ ನಾಲ್ಕು ಮಾತುಗಳನ್ನು ಬಿಡಿಸಿ ಹೇಳುತ್ತೇನೆ.

ಮೊದಲನೆಯದು, ತೋಟೆ ಸಿಗದ ರಿವಾಲ್ವರ್ ಆಟದ ಸಾಮಾನಲ್ಲ. ಬಳಕೆ ತಪ್ಪಿದ, ಪ್ರಾಚೀನ ಬೆಲೆಯ ಅಥವಾ ಕೆಟ್ಟುಹೋದ ಆಯುಧಕ್ಕೆ ಕಾಯಿದೆಯ 45ನೇ ಕಲಮು ರಿಯಾಯಿತಿ ಕೊಡುವುದು ನಿಜ. ಆದರೆ ಅದು ರಿಪೇರಿ ಮಾಡಿದರೂ ಹಾರಿಸಲಾಗದ ಸ್ಥಿತಿಯಲ್ಲಿರಬೇಕು ಎಂದು ಅದೇ ಕಲಮು ಹೇಳುತ್ತದೆ. ಅಂಗಡಿಯಲ್ಲಿ ತೋಟೆ ಇಲ್ಲ ಎಂಬುದು ರಿವಾಲ್ವರಿನ ದೋಷವಲ್ಲ. ಕೀಲು ಮಡಚುತ್ತದೆ, ಕುದುರೆ ಎಳೆದರೆ ಬಡಿಯುತ್ತದೆ ಎಂದಾದರೆ ಅದು ಆಯುಧವೇ. .455 ಆದ್ದರಿಂದ ನಿಷೇಧಿತ ಆಯುಧ. 2019ರ ತಿದ್ದುಪಡಿಯ ನಂತರ ಲೈಸೆನ್ಸಿಲ್ಲದೆ ನಿಷೇಧಿತ ಆಯುಧ ಇಟ್ಟುಕೊಂಡವರಿಗೆ ಕನಿಷ್ಠ ಏಳು ವರ್ಷ ಸಜೆ.

ಎರಡನೆಯದು, ಡಬ್ಬಿಯ ಆ ಮೂರು ತೋಟೆಗಳು. ಹಸಿರು ಹಿಡಿದರೂ ಕಾಯಿದೆಯ ಕಣ್ಣಿಗೆ ಅವು ಮದ್ದುಗುಂಡೇ. ತನಗೆ ಗೊತ್ತಿದ್ದೂ ಇಟ್ಟುಕೊಳ್ಳುವುದೇ ಸ್ವಾಧೀನ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1994ರಲ್ಲಿ ಹೇಳಿದೆ. ಬ್ಯಾಗಿನ ಮೂಲೆಯಲ್ಲಿ ಮರೆತ ತೋಟೆಯಿಂದ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದವರಿಗೆ ಈ ಮಾತು ರಕ್ಷೆಯಾಗಿದೆ. ಆದರೆ ಪತ್ರ ಬರೆದು ಎಣಿಸಿ ಹೇಳಿದವರಿಗೆ 'ಗೊತ್ತಿರಲಿಲ್ಲ' ಎನ್ನುವ ದಾರಿ ಮುಚ್ಚಿದಂತೆಯೇ.

ಮೂರನೆಯದು, ಹೊಂದುವಂತೆ ಕಾಣುವ ಬೇರೆ ತೋಟೆಯನ್ನು ತುರುಕುವ ಆಸೆ ಬೇಡವೇ ಬೇಡ. ಅಮೆರಿಕದಲ್ಲಿ ಸಾವಿರಾರು ಹಳೆಯ ವೆಬ್ಲಿಗಳ ಚಕ್ರವನ್ನು ಉಜ್ಜಿ ಅಲ್ಲಿ ಸುಲಭವಾಗಿ ಸಿಗುವ .45 ಪಿಸ್ತೂಲಿನ ತೋಟೆ ಕೂರಿಸಿದರು. ಆ ತೋಟೆಯ ಒತ್ತಡ ವೆಬ್ಲಿ ತಾಳಬೇಕೆಂದು ಮಾಡಿದ ಒತ್ತಡಕ್ಕಿಂತ ಬಹಳ ಹೆಚ್ಚು. ಕೈಯಲ್ಲೇ ಒಡೆದುಹೋದವೂ ಇವೆ. ಅದರಲ್ಲೂ ಮೊದಮೊದಲ ಮಾದರಿಗಳು ಕಪ್ಪು ಮದ್ದಿನ ಮೆದು ಒತ್ತಡಕ್ಕೆ ಹುಟ್ಟಿದವು. ನೂರು ವರ್ಷದ ಉಕ್ಕಿನ ಮೇಲೆ ಇಂಥ ಪರೀಕ್ಷೆ ಮಾಡುವುದು ಅಜ್ಜನಿಗೆ ಸಲ್ಲಿಸುವ ಗೌರವವಾಗಲಾರದು.

ನಾಲ್ಕನೆಯದು, ದಾರಿ ಇದೆ. ಲೈಸೆನ್ಸುದಾರರು ತೀರಿಕೊಂಡರೆ ಆಯುಧವನ್ನೂ ತೋಟೆಯನ್ನೂ ತಡಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಲೈಸೆನ್ಸಿರುವ ವ್ಯಾಪಾರಿಯಲ್ಲಿ ಠೇವಣಿ ಇಡಬೇಕೆಂದು 21ನೇ ಕಲಮು ಹೇಳುತ್ತದೆ. ಠೇವಣಿ ಎಂದರೆ ಕಳೆದುಕೊಂಡಂತೆ ಅಲ್ಲ. ವಾರಸುದಾರರ ಹಕ್ಕು ಉಳಿದಿರುತ್ತದೆ. ನಂತರ ವಾರಸುದಾರರು ತಮ್ಮ ಹೆಸರಿನಲ್ಲಿ ಅರ್ಜಿ ಹಾಕಬಹುದು. ಮುಂಬಯಿಯಲ್ಲಿ ಲೈಸೆನ್ಸಿನ ಅಧಿಕಾರ ಪೊಲೀಸ್ ಕಮಿಷನರದು; ಕಚೇರಿ ಕ್ರಾಫರ್ಡ್ ಮಾರ್ಕೆಟಿನ ಎದುರು. ನಿಷೇಧಿತ ಅಳತೆಯದಾದರೆ ಕಡತ ದೆಹಲಿಗೆ ಹೋಗುತ್ತದೆ. ಒಬ್ಬರಿಗೆ ಎರಡೇ ಆಯುಧ ಎಂಬ 2019ರ ಮಿತಿ ವಂಶಪಾರಂಪರ್ಯವಾಗಿ ಬಂದವಕ್ಕೂ ಅನ್ವಯಿಸುತ್ತದೆ. ಇನ್ನೊಂದು ವಿಷಯ, ಹಿರಿಯರು ಇರುವಾಗಲೇ ಮಾಡಬಹುದಾದದ್ದು: ಲೈಸೆನ್ಸುದಾರರಿಗೆ 70 ವರ್ಷ ತುಂಬಿದ್ದರೆ, ಅಥವಾ ಆಯುಧ ಅವರಲ್ಲಿ 25 ವರ್ಷ ಇದ್ದರೆ, ವಾರಸುದಾರರ ಹೆಸರಿಗೆ ವರ್ಗಾಯಿಸಲು 2016ರ ನಿಯಮಗಳು ಅವಕಾಶ ಕೊಡುತ್ತವೆ. ಊರಿನಲ್ಲಿ ಬೆಳೆ ಕಾಯುವ ಕೋವಿ ಇಟ್ಟುಕೊಂಡ ಅಪ್ಪ, ದೊಡ್ಡಪ್ಪ, ಮಾವಂದಿರಿದ್ದರೆ ಈ ಸಲ ಊರಿಗೆ ಹೋದಾಗ ಲೈಸೆನ್ಸಿನ ಪುಸ್ತಕವನ್ನು ಒಮ್ಮೆ ತೆರೆದು ನೋಡಿ. ಚುನಾವಣೆ ಬಂದಾಗ ಠಾಣೆಗೆ ಕೊಟ್ಟು ತರುವುದೊಂದೇ ಅದರ ಕೆಲಸವಲ್ಲ.

ಇಟ್ಟುಕೊಳ್ಳುವ ಆಸೆ ಇಲ್ಲದಿದ್ದರೆ, ಅಧಿಕಾರಿಗಳ ಮೂಲಕ ವಸ್ತುಸಂಗ್ರಹಾಲಯಕ್ಕೆ ಕೊಡುವ ಯೋಚನೆಯೂ ಒಳ್ಳೆಯದೇ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ 'ಸನ್ನಿ ಸೈಡ್' 2021ರ ಫೆಬ್ರವರಿಯಿಂದ ವಸ್ತುಸಂಗ್ರಹಾಲಯವಾಗಿದೆ. ಅಲ್ಲಿ ಹಳೆಯ ಆಯುಧಗಳ ಮುಂದೆ ನಿಂತ ಮಕ್ಕಳಿಗೆ ತೋಟೆ ಎಲ್ಲಿ ಎಂಬ ಪ್ರಶ್ನೆ ಬರುವುದಿಲ್ಲ. ಇದನ್ನು ಹಿಡಿದವರು ಯಾರು ಎಂಬ ಪ್ರಶ್ನೆ ಬರುತ್ತದೆ.

ನನಗೆ ಕೇಳಿದರೆ ನಿಜವಾಗಿ ಹುಡುಕಬೇಕಾದ್ದು ಆ ಪ್ರಶ್ನೆಯ ಉತ್ತರವನ್ನೇ. ಅಜ್ಜನ ರೆಜಿಮೆಂಟು ಯಾವುದು, ಯಾವ ವರ್ಷ ಸೇರಿದರು, ಯಾವ ರಣರಂಗ ಕಂಡರು ಎಂಬ ಕಾಗದಪತ್ರಗಳು, ಪದಕದ ಅಂಚಿನಲ್ಲಿ ಕೆತ್ತಿದ ಹೆಸರು ಮತ್ತು ನಂಬರು, ಹಳೆಯ ಪಿಂಚಣಿ ಪುಸ್ತಕ, ರಿವಾಲ್ವರಿನ ಮೈಮೇಲಿನ ಇಸವಿ, ಲೈಸೆನ್ಸಿನ ಹಳೆಯ ಪುಟಗಳಲ್ಲಿ ವರ್ಷವರ್ಷವೂ ಬಿದ್ದ ಮೊಹರುಗಳು. ಇವುಗಳನ್ನು ಜೋಡಿಸಿದರೆ ಒಂದು ಮನೆತನದ ಚರಿತ್ರೆ ಎದ್ದು ಬರುತ್ತದೆ. ಠೇವಣಿ ಇಡುವ ಮುಂಚೆ ಇವನ್ನೆಲ್ಲ ಬರೆದಿಟ್ಟುಕೊಳ್ಳಿ. ಒಂದು ತೋಟೆಯ ಸದ್ದು ಅರೆಕ್ಷಣದ್ದು. ಬರೆದಿಟ್ಟ ಚರಿತ್ರೆ ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ.

ಶ್ರೋತೃಗಳೇ, ನಿಮ್ಮ ಮನೆಗಳಲ್ಲಿಯೂ ಇಂಥ ಹಿರಿಯರ ಸೈನ್ಯದ ಕಾಗದ, ಪದಕ, ಪತ್ರಗಳಿದ್ದರೆ ಅವುಗಳ ಕಥೆಯನ್ನು ನಮಗೆ ಬರೆದು ಕಳುಹಿಸಿ. ಆಯ್ದವನ್ನು ಮುಂದಿನ ಕಾರ್ಯಕ್ರಮಗಳಲ್ಲಿ ಓದೋಣ. ವಸ್ತುಗಳು ಮನೆಯಲ್ಲೇ ಇರಲಿ. ತೋಟೆಗಳು ಮಾತ್ರ ಠಾಣೆಗೆ ಹೋಗಲಿ.